ಸ್ಮಾರ್ಟ್‌ವಾಚ್ ತೋರಿಸುವ ಕ್ಯಾಲೊರಿ: ಎಷ್ಟು ನಂಬಬೇಕು, ನಮ್ಮ ಮೈಗೆ ತಕ್ಕಂತೆ ಹೇಗೆ ತಿದ್ದಿಕೊಳ್ಳಬೇಕು

"ವಾಚಲ್ಲಿ 500 ಕ್ಯಾಲೊರಿ ಬರ್ನ್ ಆಗಿದೆ ಅಂತ ತೋರಿಸ್ತಿದೆ. ಹಾಗಾದ್ರೆ ಇವತ್ತು ಅಷ್ಟು ಜಾಸ್ತಿ ತಿನ್ನಬಹುದಾ?" ವಾಕಿಂಗ್ ಹೋಗುವವರ ನಡುವೆ, ಜಿಮ್‌ಗಳಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ ಇದು. ನೇರ ಉತ್ತರ: ತಿನ್ನಬೇಡಿ. ಆ 500 ನಿಜದಲ್ಲಿ 350 ಇರಬಹುದು, 600 ಕೂಡ ಇರಬಹುದು. ಹಾಗಂತ ವಾಚನ್ನು ಬಿಚ್ಚಿ ಡ್ರಾಯರ್‌ಗೆ ಹಾಕಬೇಕಾಗಿಲ್ಲ. ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್, ಐದು ವಾರದ ತಾಳ್ಮೆ ಇದ್ದರೆ ನಿಮ್ಮ ವಾಚು ನಿಮ್ಮ ವಿಷಯದಲ್ಲಿ ಎಷ್ಟು ತಪ್ಪುತ್ತಿದೆ ಎಂದು ನೀವೇ ಕಂಡುಕೊಳ್ಳಬಹುದು. ಆಮೇಲೆ ಅದರ ಸಂಖ್ಯೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಮೊದಲು, ಈ ಸಂಖ್ಯೆ ಎಲ್ಲಿಂದ ಬರುತ್ತದೆ?

ವಾಚು ಕ್ಯಾಲೊರಿಯನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಮುಖ್ಯವಾಗಿ ಎರಡು ಸಂಗತಿ. ಒಳಗಿರುವ ಆಕ್ಸಲರೋಮೀಟರ್ ಎಂಬ ಸಣ್ಣ ಸೆನ್ಸರ್ ಕೈ ಎಷ್ಟು ಅಲುಗಾಡಿತು ಎಂದು ನೋಡುತ್ತದೆ. ಹಿಂಬದಿಯ ಹಸಿರು ದೀಪ ಚರ್ಮದ ಮೇಲೆ ಬೆಳಕು ಬಿಟ್ಟು, ರಕ್ತದ ಹರಿವಿನ ಏರಿಳಿತದಿಂದ ಹೃದಯ ಬಡಿತ ಎಣಿಸುತ್ತದೆ. ಇದಕ್ಕೆ ನೀವು ಆ್ಯಪ್‌ನಲ್ಲಿ ತುಂಬಿದ ವಯಸ್ಸು, ಎತ್ತರ, ತೂಕ, ಗಂಡೋ ಹೆಣ್ಣೋ ಎಂಬ ವಿವರ ಸೇರುತ್ತದೆ. ಇಷ್ಟನ್ನೂ ಕಂಪನಿಯ ಒಂದು ಸೂತ್ರಕ್ಕೆ ಹಾಕಿದಾಗ ಬರುವ ಅಂದಾಜೇ ನೀವು ನೋಡುವ ಸಂಖ್ಯೆ. ಸೂತ್ರ ಏನು ಅಂತ ಕಂಪನಿಗಳು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ.

ನಿಜವಾಗಿ ಅಳೆಯಬೇಕೆಂದರೆ ಉಸಿರನ್ನು ಅಳೆಯಬೇಕು. ಪ್ರಯೋಗಾಲಯದಲ್ಲಿ ಮುಖಕ್ಕೆ ಮಾಸ್ಕ್ ಹಾಕಿ, ಎಷ್ಟು ಆಮ್ಲಜನಕ ಒಳಗೆ ಹೋಯಿತು, ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಗೆ ಬಂತು ಎಂದು ಲೆಕ್ಕ ಹಾಕುತ್ತಾರೆ. ಮನೆ, ಆಫೀಸು, ಮಾರ್ಕೆಟ್ ಅಂತ ಓಡಾಡುವ ಜನರ ಖರ್ಚು ಅಳೆಯಲು ಇನ್ನೊಂದು ವಿಧಾನ ಇದೆ. ಹೈಡ್ರೋಜನ್ ಮತ್ತು ಆಮ್ಲಜನಕದ ಭಾರವಾದ ಐಸೋಟೋಪ್‌ಗಳಿರುವ ವಿಶೇಷ ನೀರನ್ನು ಕುಡಿಸಿ, ಒಂದೆರಡು ವಾರ ಮೂತ್ರದ ಮಾದರಿ ಪರೀಕ್ಷಿಸುತ್ತಾರೆ. ಬಹಳ ದುಬಾರಿ, ಆದರೆ ದಿನನಿತ್ಯದ ಬದುಕಿಗೆ ಇದಕ್ಕಿಂತ ನಂಬಿಕಸ್ಥ ಅಳತೆ ಇಲ್ಲ.

ಇಂಥ ಅಳತೆಗಳ ಪಕ್ಕದಲ್ಲಿಟ್ಟು ನೋಡಿದಾಗ ವಾಚುಗಳ ಬಣ್ಣ ಬಯಲಾಗುತ್ತದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿದರು. ಏಳರಲ್ಲಿ ಆರು ಸಾಧನಗಳು ಹೃದಯ ಬಡಿತವನ್ನು ಶೇ 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯ ಕಥೆಯೇ ಬೇರೆ. ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೇ ಸರಾಸರಿ ಶೇ 27ರಷ್ಟು ತಪ್ಪಿತು, ಕೊನೆಯದು ಶೇ 93ರಷ್ಟು. ಜಪಾನಿನ ಸಂಶೋಧಕರು 2016ರಲ್ಲಿ 12 ಸಾಧನಗಳನ್ನು 19 ಜನರಿಗೆ ಕಟ್ಟಿ ಆ ವಿಶೇಷ ನೀರಿನ ವಿಧಾನದೊಂದಿಗೆ ಹೋಲಿಸಿದರು. ಅಲ್ಲಿ ದಿನನಿತ್ಯದ ಬದುಕಿನಲ್ಲಿ ಸಾಧನಗಳು ನಿಜಕ್ಕಿಂತ ಕಡಿಮೆಯನ್ನೇ ತೋರಿಸಿದವು. ಅಂದರೆ ವಾಚು ಯಾವಾಗಲೂ ಜಾಸ್ತಿಯೇ ತೋರಿಸುತ್ತದೆ ಎಂಬ ಮಾತೂ ಸರಿಯಲ್ಲ. 2020ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ಪರಿಶೀಲನೆಯಂತೂ, ಕ್ಯಾಲೊರಿ ವಿಷಯದಲ್ಲಿ ನಿಖರ ಎನ್ನಬಹುದಾದ ಬ್ರಾಂಡ್ ಒಂದೂ ಇಲ್ಲ ಎಂದು ಹೇಳಿತು. ಆಮೇಲೆ ಹೊಸ ಮಾದರಿಗಳು ಎಷ್ಟೋ ಬಂದಿವೆ, ಸೆನ್ಸರ್‌ಗಳು ಸುಧಾರಿಸಿವೆ. ಆದರೆ ಕೈಯ ಅಲುಗಾಟ ಮತ್ತು ಎದೆಯ ಬಡಿತದಿಂದ ಉಸಿರನ್ನು ಊಹಿಸುವ ಮೂಲ ಕಷ್ಟ ಹಾಗೇ ಇದೆ.

ನಮಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲೇ ಹೇಳಬೇಕು. ಸುಮ್ನೆ ಮಲಗಿದ್ದರೂ ದೇಹ ಖರ್ಚು ಮಾಡುವ ಶಕ್ತಿಗೆ ಬಿಎಂಆರ್ ಎನ್ನುತ್ತಾರೆ. ಹೆಚ್ಚು ಓಡಾಟ ಇಲ್ಲದವರಲ್ಲಿ ದಿನದ ಒಟ್ಟು ಖರ್ಚಿನ ಶೇ 60ರಿಂದ 70 ಭಾಗ ಇದೇ. ಇದನ್ನು ಊಹಿಸಲು ಜಗತ್ತಿನಲ್ಲಿ ಬಳಕೆಯಲ್ಲಿರುವ ಸೂತ್ರಗಳು ಹೆಚ್ಚಾಗಿ ಪಾಶ್ಚಾತ್ಯರ ಅಳತೆಗಳ ಮೇಲೆ ನಿಂತಿವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಭಾರತೀಯರ ಬಿಎಂಆರ್ ಅನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಅಂತರರಾಷ್ಟ್ರೀಯ ಸೂತ್ರಗಳು ನಮ್ಮವರಿಗೆ ಜಾಸ್ತಿ ಅಂದಾಜು ಕೊಡುತ್ತವೆ ಎಂದು ಅವರ ಅಧ್ಯಯನಗಳು ತೋರಿಸಿವೆ. ಇದಕ್ಕೆ ಮುಖ್ಯ ಕಾರಣ ಮೈಕಟ್ಟು. ಒಂದೇ ತೂಕದ ಇಬ್ಬರಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ ಇರುವವರ ಬಿಎಂಆರ್ ಕಡಿಮೆ. ವಾಚಿಗೆ ನಿಮ್ಮ ತೂಕ ಗೊತ್ತು, ಆ ತೂಕದಲ್ಲಿ ಸ್ನಾಯು ಎಷ್ಟು ಅಂತ ಗೊತ್ತಿಲ್ಲ.

ಇನ್ನು ಕೆಲಸಕ್ಕೆ ಇಳಿಯೋಣ.

ಹಂತ 1: ಆ್ಯಪ್‌ನಲ್ಲಿರುವ ವಿವರ ಸರಿ ಮಾಡಿ

ವಾಚು ತಂದ ದಿನ ಹಾಕಿದ ತೂಕವೇ ಇನ್ನೂ ಇರುತ್ತದೆ, ಅಲ್ವಾ? ಇವತ್ತಿನ ತೂಕ ಹಾಕಿ. ಎತ್ತರವನ್ನು ಗೋಡೆಗೆ ಒರಗಿ ಅಳೆದು ಹಾಕಿ. ಹುಟ್ಟಿದ ವರ್ಷ ಸರಿ ಇದೆಯೇ ನೋಡಿ. ಮನೆಯವರ ಹಳೇ ಬ್ಯಾಂಡ್ ಕಟ್ಟಿಕೊಂಡಿದ್ದರೆ ಅವರ ಖಾತೆ ತೆಗೆದು ನಿಮ್ಮದನ್ನು ಹಾಕಿ. ಯಾವ ಕೈಗೆ ಕಟ್ಟಿದ್ದೀರಿ ಎಂದು ಕೇಳುವ ಸೆಟ್ಟಿಂಗ್ ಇದ್ದರೆ ಅದನ್ನೂ ಸರಿಪಡಿಸಿ. ಆಪಲ್ ವಾಚ್ ಇರುವವರು ಫೋನಿನಲ್ಲಿ ಲೊಕೇಶನ್ ಆನ್ ಮಾಡಿ, ಬಯಲಿನಲ್ಲಿ ಒಂದು 20 ನಿಮಿಷ ವರ್ಕೌಟ್ ಹಾಕಿಕೊಂಡು ನಡೆಯಿರಿ. ನಿಮ್ಮ ಹೆಜ್ಜೆಯ ಉದ್ದವನ್ನು ಅದು ಕಲಿತುಕೊಳ್ಳುತ್ತದೆ.

ಹಂತ 2: ಸರಿಯಾಗಿ ಕಟ್ಟಿಕೊಳ್ಳಿ

ಮಣಿಕಟ್ಟಿನ ಮೂಳೆಯ ಮೇಲೆ ಬೇಡ, ಅದಕ್ಕಿಂತ ಒಂದು ಬೆರಳಷ್ಟು ಮೇಲಕ್ಕೆ, ಮೊಣಕೈ ಕಡೆಗೆ ಇರಲಿ. ಕೈ ಕುಣಿಸಿದರೆ ವಾಚು ಜಾರಬಾರದು, ಬಿಚ್ಚಿದಾಗ ಚರ್ಮದಲ್ಲಿ ಆಳವಾದ ಗುರುತೂ ಉಳಿಯಬಾರದು. ಬಳೆ ಹಾಕುವವರು ಬಳೆಯ ಕೈ ಬಿಟ್ಟು ಇನ್ನೊಂದು ಕೈಗೆ ಕಟ್ಟಬಹುದು. ಎರಡೂ ಕೈಯಲ್ಲಿ ಬಳೆ ಇದ್ದರೆ ವಾಚನ್ನು ಬಳೆಗಳಿಗಿಂತ ಮೇಲೆ ಕಟ್ಟಿ, ಇಲ್ಲದಿದ್ದರೆ ಬಳೆ ತಾಗಿ ತಾಗಿ ವಾಚು ಸರಿಯುತ್ತಲೇ ಇರುತ್ತದೆ. ಸೆನ್ಸರ್ ಕೂರುವ ಜಾಗದಲ್ಲಿ ಹಚ್ಚೆ ಇದ್ದರೆ ಬೆಳಕು ಒಳಗೆ ಹೋಗುವುದು ಕಷ್ಟ, ಆ ಕೈ ಬೇಡ.

ಮೈಬಣ್ಣದ ಪ್ರಶ್ನೆಯೂ ಇದೆ. ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಕಪ್ಪು ಚರ್ಮದವರಲ್ಲಿ ತಪ್ಪು ಜಾಸ್ತಿ ಕಂಡಿತ್ತು. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಇದನ್ನೇ ಗುರಿಯಾಗಿಟ್ಟು ಹೃದಯ ಬಡಿತ ಪರೀಕ್ಷಿಸಿದಾಗ ಮೈಬಣ್ಣದಿಂದ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಆದರೆ ಸುಮ್ಮನೆ ಕೂತಾಗ ಆಗುವ ತಪ್ಪಿಗಿಂತ ಚಟುವಟಿಕೆಯಲ್ಲಿ ಆಗುವ ತಪ್ಪು ಸರಾಸರಿ ಶೇ 30ರಷ್ಟು ಜಾಸ್ತಿ ಇತ್ತು. ಹಾಗಾಗಿ ವ್ಯಾಯಾಮದ ಹೊತ್ತಿಗೆ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಹಂತ 3: ಒಟ್ಟು ಖರ್ಚು ಯಾವುದು, ಚಟುವಟಿಕೆಯ ಖರ್ಚು ಯಾವುದು ಎಂದು ಬಿಡಿಸಿಕೊಳ್ಳಿ

ಲೆಕ್ಕ ಹೆಚ್ಚಾಗಿ ತಪ್ಪುವುದು ಇಲ್ಲಿ. ಕೆಲವು ಆ್ಯಪ್‌ಗಳು ದಿನದ ಒಟ್ಟು ಖರ್ಚನ್ನು ತೋರಿಸುತ್ತವೆ. ಫಿಟ್‌ಬಿಟ್ ಹಾಗೆ ಮಾಡುತ್ತದೆ. ಮಧ್ಯರಾತ್ರಿಯಿಂದಲೇ ಬಿಎಂಆರ್ ಲೆಕ್ಕ ಶುರುವಾಗುವುದರಿಂದ ಬೆಳಿಗ್ಗೆ 6ಕ್ಕೆ ಎದ್ದಾಗಲೇ 300ರ ಆಸುಪಾಸು ಕಾಣಿಸುತ್ತದೆ. ಆಪಲ್ ವಾಚಿನ ಕೆಂಪು ಉಂಗುರ ಮಾತ್ರ ಓಡಾಟದಿಂದ ಆದ ಹೆಚ್ಚುವರಿ ಖರ್ಚನ್ನಷ್ಟೇ ಎಣಿಸುತ್ತದೆ. ಗಾರ್ಮಿನ್ ಎರಡನ್ನೂ ಬೇರೆ ಬೇರೆಯಾಗಿ ಕೊಡುತ್ತದೆ. ನಿಮ್ಮದು ಯಾವ ರೀತಿ ಎಂದು ತಿಳಿಯಲು ಒಂದು ಸುಲಭ ಉಪಾಯ: ಎದ್ದ ಕೂಡಲೇ, ಹಾಸಿಗೆಯಲ್ಲೇ ಆ್ಯಪ್ ನೋಡಿ. ಸೊನ್ನೆಯ ಹತ್ತಿರ ಇದ್ದರೆ ಅದು ಚಟುವಟಿಕೆಯ ಲೆಕ್ಕ. ನೂರಾರು ಇದ್ದರೆ ಒಟ್ಟು ಲೆಕ್ಕ.

ಈ ವ್ಯತ್ಯಾಸ ಯಾಕೆ ಮುಖ್ಯ? 70 ಕೆಜಿ ತೂಕದವರು ಗಂಟೆಗೆ 5 ಕಿಮೀ ವೇಗದಲ್ಲಿ ಒಂದು ಗಂಟೆ ನಡೆದರೆ ಒಟ್ಟು ಸುಮಾರು 245 ಕ್ಯಾಲೊರಿ ಖರ್ಚಾಗುತ್ತದೆ. ಆದರೆ ಆ ಒಂದು ಗಂಟೆ ಸೋಫಾದಲ್ಲಿ ಕೂತಿದ್ದರೂ ಸುಮಾರು 70 ಹೋಗುತ್ತಿತ್ತು. ನಡಿಗೆಯಿಂದ ನಿಜಕ್ಕೂ ಹೆಚ್ಚಾಗಿ ಹೋದದ್ದು 175. ಅಂದರೆ 20 ಗ್ರಾಂ ಎಣ್ಣೆಯಲ್ಲಿ ಇರುವಷ್ಟು. ದಿನದ ಒಟ್ಟು ಲೆಕ್ಕದಲ್ಲಿ ಈಗಾಗಲೇ ಸೇರಿರುವ ಈ ನಡಿಗೆಯನ್ನು ಡಯಟ್ ಆ್ಯಪ್‌ನಲ್ಲಿ ಮತ್ತೆ "ವ್ಯಾಯಾಮ: 245" ಎಂದು ಸೇರಿಸಿದರೆ ಒಂದೇ ಖರ್ಚನ್ನು ಎರಡು ಸಲ ಬರೆದ ಹಾಗಾಗುತ್ತದೆ.

ವಾಚಿನಲ್ಲಿ ಒಟ್ಟು ಖರ್ಚು ಸಿಗದಿದ್ದರೆ ಬಿಎಂಆರ್ ಅನ್ನು ನೀವೇ ಹಾಕಿಕೊಳ್ಳಿ. 1990ರಿಂದ ಬಳಕೆಯಲ್ಲಿರುವ ಮಿಫ್ಲಿನ್ ಸೂತ್ರ ಸುಲಭವಾದದ್ದು. ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು 10ರಿಂದ ಗುಣಿಸಿ. ಎತ್ತರವನ್ನು ಸೆಂಟಿಮೀಟರ್‌ನಲ್ಲಿ 6.25ರಿಂದ ಗುಣಿಸಿ ಅದಕ್ಕೆ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಗಂಡಸರು ಕೊನೆಗೆ 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು. 66 ಕೆಜಿ, 156 ಸೆಂಮೀ, 40 ವರ್ಷದ ಮಹಿಳೆಗೆ ಇದು 1,274 ಬರುತ್ತದೆ. ಇದಕ್ಕೆ ವಾಚಿನ ಚಟುವಟಿಕೆಯ ಸಂಖ್ಯೆ ಸೇರಿಸಿ.

ಹಂತ 4: ನಿಮ್ಮ ದಿನದಲ್ಲಿ ವಾಚು ಎಲ್ಲಿ ಎಡವುತ್ತದೆ ಎಂದು ಗುರುತಿಸಿ

ಸಮತಟ್ಟಾದ ನೆಲದಲ್ಲಿ ಕೈ ಬೀಸಿಕೊಂಡು ನಡೆಯುವುದು ವಾಚಿಗೆ ಅತಿ ಸುಲಭದ ಕೆಲಸ. ಅದರಾಚೆ ಕಷ್ಟ ಶುರು. ಸೂಪರ್ ಮಾರ್ಕೆಟ್‌ನಲ್ಲಿ ಗಾಡಿ ತಳ್ಳುವಾಗ, ಮಗುವನ್ನು ಎತ್ತಿಕೊಂಡು ಓಡಾಡುವಾಗ ಕೈ ಅಲುಗಾಡುವುದಿಲ್ಲ, ಹೆಜ್ಜೆ ತಪ್ಪಿಹೋಗುತ್ತವೆ. ಚಪಾತಿ ಲಟ್ಟಿಸುವಾಗ, ಬಟ್ಟೆ ಒಗೆಯುವಾಗ ಕಾಲು ನಿಂತಲ್ಲೇ ಇದ್ದರೂ ಹೆಜ್ಜೆ ಏರಬಹುದು. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೂ ಅಷ್ಟೇ. ಸೈಕಲ್ ತುಳಿಯುವಾಗ ಮಣಿಕಟ್ಟು ಹ್ಯಾಂಡಲ್ ಮೇಲೆ ಸ್ಥಿರವಾಗಿರುತ್ತದೆ, ವಾಚು ಬಡಿತವನ್ನಷ್ಟೇ ನಂಬಬೇಕು. ಭಾರ ಎತ್ತುವ ವ್ಯಾಯಾಮದಲ್ಲಿ ಬಿಗಿಯಾಗಿ ಹಿಡಿದ ಮುಷ್ಟಿಯಿಂದ ಮಣಿಕಟ್ಟಿನ ರಕ್ತದ ಹರಿವೇ ಬದಲಾಗುತ್ತದೆ, ಬಡಿತವೂ ತಪ್ಪಾಗುತ್ತದೆ.

ಹತ್ತುವ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೈಸೂರಿನವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತಾರಲ್ಲ, ಅಲ್ಲಿ ಹೆಜ್ಜೆ ಎಣಿಕೆ ಮಾತ್ರ ನೋಡಿದರೆ ಏನೂ ಮಾಡಿದ ಹಾಗೆಯೇ ಕಾಣುವುದಿಲ್ಲ. ಸಮತಟ್ಟಿನ ರಸ್ತೆಯಲ್ಲಿ ಸಾವಿರ ಹೆಜ್ಜೆ ಎಂದರೆ ಹತ್ತು ನಿಮಿಷದ ಮಾತು. ಆದರೆ 70 ಕೆಜಿ ದೇಹವನ್ನು 100 ಮೀಟರ್ ಮೇಲಕ್ಕೆ ಒಯ್ಯಲು ಭೌತಶಾಸ್ತ್ರದ ಲೆಕ್ಕದಲ್ಲಿ ಬೇಕಾದ ಕೆಲಸವೇ 16 ಕ್ಯಾಲೊರಿಯಷ್ಟು. ಸ್ನಾಯು ತಾನು ಖರ್ಚು ಮಾಡಿದ ಶಕ್ತಿಯಲ್ಲಿ ಕೆಲಸಕ್ಕೆ ಹಾಕುವುದು ಸುಮಾರು ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಪ್ರತಿ 100 ಮೀಟರ್ ಏರಿಗೆ 65ರಿಂದ 80 ಕ್ಯಾಲೊರಿ ಬೀಳುತ್ತದೆ. ಎತ್ತರ ಅಳೆಯುವ ಸೆನ್ಸರ್ ಇರುವ ವಾಚು ಇದನ್ನು ಸ್ವಲ್ಪ ಹಿಡಿಯಬಲ್ಲದು. ಅಗ್ಗದ ಬ್ಯಾಂಡ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಬಡಿತ ಏರಿದ್ದನ್ನು ನೋಡಿ ಊಹಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬಡಿತವೂ ದಾರಿ ತಪ್ಪಿಸುತ್ತದೆ. ಏಪ್ರಿಲ್ ಬಿಸಿಲಿನ ಸೆಕೆ, ಎರಡು ಲೋಟ ಸ್ಟ್ರಾಂಗ್ ಕಾಫಿ, ಗಾಬರಿ, ಜ್ವರ ಇವೆಲ್ಲ ಎದೆ ಬಡಿತ ಏರಿಸುತ್ತವೆ. ಅದರಷ್ಟೇ ಕ್ಯಾಲೊರಿ ಹೋಗಿರುವುದಿಲ್ಲ. ಇದರ ಉಲ್ಟಾ, ಬಿಪಿ ಅಥವಾ ಹೃದಯದ ತೊಂದರೆಗೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಏರುವುದೇ ಕಡಿಮೆ, ವಾಚು ಅವರ ಶ್ರಮವನ್ನು ಕಡಿಮೆ ಅಂದಾಜು ಮಾಡುತ್ತದೆ. ಅಂಥವರು ವಾಚಿನ ಸಂಖ್ಯೆ ಏರಲಿ ಎಂದು ಮೈ ದಂಡಿಸಲು ಹೋಗಬಾರದು.

ಹಂತ 5: ಐದು ವಾರದ ಲೆಕ್ಕ

ಈ ಲೇಖನದ ತಿರುಳು ಇದು. ಒಟ್ಟು ಐದು ವಾರ ಮೂರು ವಿಷಯ ಬರೆದಿಡಬೇಕು: ಬೆಳಗಿನ ತೂಕ, ತಿಂದ ಕ್ಯಾಲೊರಿ, ವಾಚು ತೋರಿಸಿದ ದಿನದ ಒಟ್ಟು ಖರ್ಚು.

ತೂಕವನ್ನು ದಿನಾ ಬೆಳಿಗ್ಗೆ, ಶೌಚ ಮುಗಿಸಿ, ಏನೂ ತಿನ್ನುವ ಕುಡಿಯುವ ಮೊದಲು ನೋಡಿ. ಯಂತ್ರ ಗಟ್ಟಿ ನೆಲದ ಮೇಲೆ ಒಂದೇ ಜಾಗದಲ್ಲಿ ಇರಲಿ. ಮದುವೆ ಊಟ ಮಾಡಿ ಬಂದ ಮರುದಿನ ಒಂದು ಕೆಜಿ ಏರಿದರೆ ಹೆದರಬೇಡಿ, ಅದು ಉಪ್ಪಿಗೆ ಹಿಡಿದ ನೀರು ಮತ್ತು ಹೊಟ್ಟೆಯಲ್ಲಿರುವ ಊಟ. ಒಂದೊಂದು ದಿನದ ತೂಕಕ್ಕೆ ಬೆಲೆ ಇಲ್ಲ. ಏಳು ದಿನದ ಸರಾಸರಿ ಮಾತ್ರ ಬೇಕು. ಮೊದಲ ವಾರದ ಸರಾಸರಿಯನ್ನು ಐದನೇ ವಾರದ ಸರಾಸರಿಯ ಜೊತೆ ಹೋಲಿಸಬೇಕು. ಎರಡರ ನಡುವಿನ ಅಂತರ ಸರಿಯಾಗಿ 28 ದಿನ. ಮುಟ್ಟಿನ ಮುಂಚೆ ಹೆಂಗಸರಲ್ಲಿ ನೀರಿನ ತೂಕ ಏರುವುದರಿಂದಲೂ ಈ ಅಂತರ ಒಳ್ಳೆಯದು, ಎರಡೂ ವಾರಗಳು ತಿಂಗಳ ಚಕ್ರದಲ್ಲಿ ಸುಮಾರಾಗಿ ಒಂದೇ ಜಾಗದಲ್ಲಿ ಬರುತ್ತವೆ.

ಹೊಸ ಡಯಟ್ ಶುರು ಮಾಡಿದ ವಾರವೇ ಈ ಲೆಕ್ಕ ಶುರು ಮಾಡಬೇಡಿ. ಅನ್ನ, ಸಕ್ಕರೆ ಇಳಿಸಿದ ಮೊದಲ ವಾರಗಳಲ್ಲಿ ನೀರು ಬೇಗ ಹೋಗಿ ತೂಕ ಸುಳ್ಳು ಹೇಳುತ್ತದೆ. ಎರಡು ವಾರ ಕಳೆಯಲಿ.

ತಿಂದದ್ದನ್ನು ಬರೆಯುವುದೇ ಕಷ್ಟದ ಭಾಗ. ಅದರಲ್ಲೂ ಎಣ್ಣೆ. ಒಗ್ಗರಣೆಗೆ ಎಷ್ಟು ಹೋಯಿತು, ದೋಸೆ ಕಾವಲಿಗೆ ಎಷ್ಟು ಸವರಿದಿರಿ ಎಂದು ಚಮಚದಲ್ಲಿ ಅಳೆಯಲು ಕೂತರೆ ಅಡುಗೆ ಸಾಗುವುದಿಲ್ಲ. ಅದಕ್ಕೆ ಇನ್ನೊಂದು ದಾರಿ ಇದೆ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ ಎಂದು ದಿನಸಿ ಚೀಟಿ ನೋಡಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ, ಗ್ರಾಮಿಗೆ 9ರಂತೆ ಸುಮಾರು 8,200 ಕ್ಯಾಲೊರಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 3 ಲೀಟರ್ ಖಾಲಿಯಾದರೆ, ತಲೆಗೆ ದಿನಕ್ಕೆ ಸುಮಾರು 205 ಕ್ಯಾಲೊರಿ ಎಣ್ಣೆಯಿಂದಲೇ ಬರುತ್ತಿದೆ. ಈ ಸಂಖ್ಯೆಯನ್ನು ದಿನದ ಲೆಕ್ಕಕ್ಕೆ ಹಾಗೇ ಸೇರಿಸಿಬಿಡಿ, ಪಲ್ಯ ಸಾರುಗಳನ್ನು ಎಣ್ಣೆ ಬಿಟ್ಟು ಬರೆಯಿರಿ. ತುಪ್ಪ, ಸಕ್ಕರೆ, ಬೆಲ್ಲಕ್ಕೂ ಇದೇ ರೀತಿ ಮಾಡಬಹುದು. ಅನ್ನವನ್ನು ಮಾತ್ರ ಬೇಯಿಸಿದ ಮೇಲೆ ತೂಗಿ, 100 ಗ್ರಾಂಗೆ ಸುಮಾರು 130 ಎಂದು ಹಿಡಿಯಿರಿ. ಮುದ್ದೆಗೆ ಹಾಕುವ ರಾಗಿ ಹಿಟ್ಟನ್ನು ಹಿಟ್ಟಾಗಿರುವಾಗಲೇ ತೂಗುವುದು ಸುಲಭ, 100 ಗ್ರಾಂಗೆ ಸುಮಾರು 320.

ಈಗ ಲೆಕ್ಕ. ಮೇಲೆ ಹೇಳಿದ 40 ವರ್ಷದ ಮಹಿಳೆಯನ್ನೇ ತೆಗೆದುಕೊಳ್ಳೋಣ. ವಾಚಿನ ಪ್ರಕಾರ ದಿನದ ಸರಾಸರಿ ಖರ್ಚು 2,150. ನೋಟ್‌ಬುಕ್ ಪ್ರಕಾರ ದಿನಕ್ಕೆ ತಿಂದದ್ದು 1,750. ದಿನಾ 400 ಕೊರತೆ, 28 ದಿನಕ್ಕೆ 11,200. ಒಂದು ಕೆಜಿ ಮೈಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದು ಹಿಡಿದರೆ ತೂಕ ಹೆಚ್ಚುಕಡಿಮೆ ಒಂದೂವರೆ ಕೆಜಿ ಇಳಿಯಬೇಕಿತ್ತು. ಆದರೆ ಮೊದಲ ವಾರದ ಸರಾಸರಿ 66.4, ಐದನೇ ವಾರದ್ದು 65.7. ಇಳಿದದ್ದು 0.7 ಕೆಜಿ ಮಾತ್ರ.

0.7 ಅನ್ನು 7,700ರಿಂದ ಗುಣಿಸಿದರೆ 5,390. ಅದನ್ನು 28ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 190. ತಿಂದ 1,750ಕ್ಕೆ ಈ 190 ಸೇರಿಸಿದರೆ 1,940. ಇದು ಅವರ ನಿಜವಾದ ಖರ್ಚಿಗೆ ಹತ್ತಿರದ ಸಂಖ್ಯೆ. 1,940 ಅನ್ನು ವಾಚಿನ 2,150ರಿಂದ ಭಾಗಿಸಿದರೆ 0.9. ಇನ್ನು ಮುಂದೆ ಅವರು ವಾಚಿನ ಸಂಖ್ಯೆಯನ್ನು 0.9ರಿಂದ ಗುಣಿಸಿ ಓದಬೇಕು. ತೂಕ ಏರಿದ್ದರೆ, ತಿಂದದ್ದಕ್ಕೆ ಕೂಡಿಸುವ ಬದಲು ಕಳೆಯಬೇಕು, ಅಷ್ಟೇ ವ್ಯತ್ಯಾಸ.

"ನಾನು ಊಟ ಬರೆದದ್ದೇ ತಪ್ಪಾಗಿದ್ದರೆ?" ಎಂದು ಕೇಳಬಹುದು. ಖಂಡಿತ ತಪ್ಪಿರುತ್ತದೆ. ಬಹುತೇಕ ಎಲ್ಲರೂ ತಿಂದದ್ದನ್ನು ಕಡಿಮೆಯೇ ಬರೆಯುತ್ತಾರೆ. ಆದರೆ ಈ ವಿಧಾನದ ಗುಣವೇ ಅದು, ವಾಚಿನ ತಪ್ಪು ಮತ್ತು ನೋಟ್‌ಬುಕ್ಕಿನ ತಪ್ಪು ಎರಡೂ ಆ 0.9ರಲ್ಲಿ ಸೇರಿಹೋಗುತ್ತವೆ. ಮುಂದೆಯೂ ಅದೇ ವಾಚು ಕಟ್ಟಿ, ಅದೇ ರೀತಿ ಬರೆಯುತ್ತಾ ಹೋದರೆ ನಿಮ್ಮ ಕೆಲಸಕ್ಕೆ ಸಾಕಾಗುವಷ್ಟು ಸರಿಯಾದ ಉತ್ತರ ಬರುತ್ತದೆ. ಅದಕ್ಕೇ ಬೇರೆಯವರ ಸಂಖ್ಯೆಯನ್ನು ಎರವಲು ತರಬೇಡಿ. ನಿಮ್ಮ ಯಜಮಾನರಿಗೆ ಅದೇ ಕಂಪನಿಯ ವಾಚು 1.1 ಬರಬಹುದು.

ಹಂತ 6: ತಿದ್ದಿದ ಸಂಖ್ಯೆಯನ್ನು ಬಳಸುವುದು

ಬಂದ ಉತ್ತರ ನಂಬುವ ಹಾಗಿದೆಯೇ ಎಂದು ಒಮ್ಮೆ ತಾಳೆ ನೋಡಿ. ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ, ಕೂತು ಕೆಲಸ ಮಾಡುವ 65 ಕೆಜಿ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ, 55 ಕೆಜಿ ಹೆಂಗಸಿಗೆ 1,660. ಮಧ್ಯಮ ಶ್ರಮದವರಿಗೆ 2,710 ಮತ್ತು 2,130. ಆಫೀಸಿನಲ್ಲಿ ಕೂರುವ 55 ಕೆಜಿಯವರಿಗೆ 2,400 ಬಂದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ, ಮತ್ತೆ ನೋಡಿ.

ತೂಕ ಇಳಿಸಬೇಕಾದವರು ತಿದ್ದಿದ ಸರಾಸರಿಗಿಂತ 300ರಿಂದ 400 ಕಡಿಮೆ ತಿನ್ನುವ ಗುರಿ ಇಟ್ಟುಕೊಳ್ಳಿ, ದಿನಾ ಅಷ್ಟೇ ಇರಲಿ. ಇವತ್ತು ಜಾಸ್ತಿ ನಡೆದೆ ಎಂದು ಇವತ್ತೇ ಜಾಸ್ತಿ ತಿನ್ನುವುದು ಬೇಡ. ವಾಚಿನ ದಿನದಿನದ ಸಂಖ್ಯೆ ಬಹಳ ಹಾರಾಡುತ್ತದೆ, ವಾರದ ಸರಾಸರಿ ಅಷ್ಟು ಹಾರಾಡುವುದಿಲ್ಲ. ಹಾಗೆಯೇ ಹೆಜ್ಜೆ, ಬಡಿತ, ನಡೆದ ನಿಮಿಷ ಇವು ಕ್ಯಾಲೊರಿಗಿಂತ ನಂಬಬಹುದಾದ ಅಳತೆಗಳು. ಕಳೆದ ತಿಂಗಳಿಗಿಂತ ಈ ತಿಂಗಳು ಹೆಚ್ಚು ನಡೆದೆನಾ ಎಂದು ತಿಳಿಯಲು ಅವುಗಳನ್ನೇ ನೋಡಿ.

ಇನ್ಸುಲಿನ್ ತೆಗೆದುಕೊಳ್ಳುವವರು ವಾಚಿನ ಕ್ಯಾಲೊರಿ ನೋಡಿ ಡೋಸ್ ಬದಲಿಸಲೇಬೇಡಿ, ವೈದ್ಯರನ್ನು ಕೇಳಿ. ಗರ್ಭಿಣಿಯರು, ಎದೆಹಾಲು ಕುಡಿಸುವವರಿಗೆ ಈ ಐದು ವಾರದ ಲೆಕ್ಕ ಹೊಂದುವುದಿಲ್ಲ. ಊಟದ ಸಂಖ್ಯೆ ಬರೆದಷ್ಟೂ ಮನಸ್ಸಿಗೆ ಕಿರಿಕಿರಿ, ತಿನ್ನಲು ಭಯ ಶುರುವಾಗುವವರು ಇದನ್ನು ಅಲ್ಲಿಗೇ ನಿಲ್ಲಿಸಿ. ಅವರಿಗೆ ಹೆಜ್ಜೆ ಎಣಿಕೆ ಸಾಕು.

ಯಾವಾಗ ಮತ್ತೆ ಮಾಡಬೇಕು?

ವಾಚು ಬದಲಿಸಿದರೆ ಹಳೆಯ 0.9 ಕೆಲಸಕ್ಕೆ ಬಾರದು, ಹೊಸದಾಗಿ ಐದು ವಾರ ಬೇಕು. ತೂಕ ನಾಲ್ಕೈದು ಕೆಜಿ ಬದಲಾದರೂ, ನಡಿಗೆ ಬಿಟ್ಟು ಜಿಮ್ ಹಿಡಿದರೂ ಅಥವಾ ಜಿಮ್ ಬಿಟ್ಟು ಸೈಕಲ್ ಹಿಡಿದರೂ ಇದೇ ಮಾತು. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮರುದಿನದಿಂದ ಅದೇ ಓಡಾಟಕ್ಕೆ ಸಂಖ್ಯೆ ಇದ್ದಕ್ಕಿದ್ದಂತೆ ಏರಿದರೆ ಅಥವಾ ಇಳಿದರೆ, ಕಂಪನಿ ಸೂತ್ರ ಬದಲಿಸಿರುವ ಸಾಧ್ಯತೆ ಇದೆ. ಆ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಅಲ್ಲಿಂದ ಮುಂದಿನದನ್ನು ಹಿಂದಿನದರ ಜೊತೆ ಸೇರಿಸಬೇಡಿ.